ದೇಶ ಸುತ್ತು, ಟ್ಯಾಂಕ್ ಖಾಲಿ ಮಾಡು

ಕ್ಯಾಲಿಫೋರ್ನಿಯಾದಲ್ಲಿ ಒಂದು ಮನೆ ಕೊಂಡವನಿಗೆ ಇನ್ನೊಂದು ಮನೆ ಕೊಳ್ಳುವ ಶಕ್ತಿ ಈ ಜನ್ಮದಲ್ಲಿ ಬರುವುದಿಲ್ಲ. ಆದರೆ ಮನೆಗೆ ಚಕ್ರ ಇದ್ದರೆ ಬ್ಯಾಂಕಿನವರು ನಗುನಗುತ್ತಾ ಸಾಲ ಕೊಡುತ್ತಾರೆ. ಹೀಗೆ ನಾನೂ ಒಂದು ಆರ್‌ವಿಯ ಯಜಮಾನನಾದೆ. ಸೆಕೆಂಡ್ ಹ್ಯಾಂಡ್, ಕ್ಲಾಸ್ ಸಿ ಜಾತಿಯದು: ಮುಂದೆ ಫೋರ್ಡ್ ವ್ಯಾನಿನ ಮೂತಿ, ಹಿಂದೆ ಸಂಸಾರ, ಡ್ರೈವರ್ ತಲೆಯ ಮೇಲೊಂದು ಅಟ್ಟ. ಆರು ಜನ ಮಲಗಬಹುದು ಎಂದು ಮಾರಿದವನು ಹೇಳಿದ್ದ. ಸುಳ್ಳಲ್ಲ. ಒಬ್ಬರು ಮಗ್ಗುಲು ಬದಲಿಸಿದರೆ ಉಳಿದ ಐವರೂ ಏಳಬೇಕು, ಅಷ್ಟೆ.

ನಮ್ಮ ಬಡಾವಣೆಯ ಸಂಘದ ನಿಯಮದಂತೆ ಇಂಥ ವಾಹನ ಮನೆ ಮುಂದೆ ನಿಲ್ಲುವಂತಿಲ್ಲ. ಅದಕ್ಕೆಂದೇ ಊರಾಚೆ ಬೇಲಿ ಹಾಕಿದ ಜಾಗಗಳಿವೆ, ತಿಂಗಳ ಬಾಡಿಗೆಗೆ. "ಮನೆಗೇ ಬಾಡಿಗೆ ಮನೆ ಹಿಡಿದ ಮೊದಲನೇ ಗಂಡಸು ನೀವೇ ಇರಬೇಕು ಕಣ್ರೀ" ಎಂದಳು ನನ್ನವಳು.

ಈ ಬಂಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕ್. ಒಂದರಲ್ಲಿ ಒಳ್ಳೆಯ ನೀರು. ಇನ್ನೊಂದರಲ್ಲಿ ಮಿಂದ, ಪಾತ್ರೆ ತೊಳೆದ ನೀರು. ಅದು ಗ್ರೇ ಟ್ಯಾಂಕ್. ಮೂರನೆಯದು ಬ್ಲ್ಯಾಕ್ ಟ್ಯಾಂಕ್. ಅದರಲ್ಲಿ ಏನಿರುತ್ತದೆ ಎಂದು ಊಟದ ಹೊತ್ತಿಗೆ ಓದುತ್ತಿರುವವರು ಕೇಳಬೇಡಿ. ತುಂಬಿದಾಗ ಡಂಪ್ ಸ್ಟೇಷನ್ನಿಗೆ ಹೋಗಿ, ದಪ್ಪ ಪೈಪು ಸಿಕ್ಕಿಸಿ, ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಡಬೇಕು. ಹಿಂದಿನಿಂದ ಬರುವ ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಈ ಕ್ರಮವನ್ನು ಅಮೆರಿಕನ್ನರು ಸಂಧ್ಯಾವಂದನೆಯಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆ. ಪದೇ ಪದೇ ಯಾರು ಬಗ್ಗುತ್ತಾರೆ ಎಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದೇ ಬಿಟ್ಟರೆ ನೀರು ಮಾತ್ರ ಹರಿದುಹೋಗಿ ಮಿಕ್ಕದ್ದು ಒಳಗೇ ಗಟ್ಟಿಯಾಗಿ ಗೋಪುರ ಕಟ್ಟುತ್ತದೆ. ಆರ್‌ವಿ ಬಳಗದಲ್ಲಿ ಅದಕ್ಕೆ ಪಿರಮಿಡ್ ಎಂಬ ಗೌರವದ ಹೆಸರಿದೆ. ಟ್ಯಾಂಕು ಎಷ್ಟು ತುಂಬಿದೆ ಎಂದು ಹೇಳಲು ಸೆನ್ಸರ್ ಇದೆ, ಆದರೆ ಅದಕ್ಕೆ ಕಾಗದ ಅಂಟಿಕೊಂಡಿತೋ, ಖಾಲಿ ಟ್ಯಾಂಕಿಗೂ ಮುಕ್ಕಾಲು ಭರ್ತಿ ಎನ್ನುತ್ತದೆ. ಆಫೀಸಿನಲ್ಲಿ ಸಾವಿರಾರು ಸರ್ವರ್‌ಗಳ ಆರೋಗ್ಯವನ್ನು ಕುಳಿತಲ್ಲೇ ನೋಡುವ ನಾನು ಇಲ್ಲಿ ಟಾರ್ಚ್ ಹಿಡಿದು ಕಮೋಡಿನೊಳಗೆ ಇಣುಕುತ್ತೇನೆ.

ತೀರ್ಥಹಳ್ಳಿಯಿಂದ ಬಂದಿದ್ದ ಮಾವನವರು ಕೈಗವಸು ತೊಟ್ಟು ಪೈಪು ಹಿಡಿದ ಅಳಿಯನನ್ನು ಬಹಳ ಹೊತ್ತು ನೋಡಿದರು. "ಅಳಿಯಂದ್ರೇ, ನಮ್ಮಪ್ಪ ಕಕ್ಕಸನ್ನ ಮನೆಯೊಳಗೆ ಕಟ್ಟಿಸೋದಕ್ಕೇ ಒಪ್ಪಿರಲಿಲ್ಲ. ನೀವು ಅದನ್ನ ಹೊತ್ಕೊಂಡೇ ದೇಶ ಸುತ್ತುತಾ ಇದೀರಲ್ಲ!"

ಅತ್ತೆಯವರು ಮಾತ್ರ ಈ ಮನೆಗೆ ಹೇಳಿ ಮಾಡಿಸಿದವರು. ನಮ್ಮ ಗೀಸರಿನಲ್ಲಿ ಹಿಡಿಯುವುದು 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್ ಬಿಸಿನೀರು. ಶವರಿನ ಕೆಳಗೆ ನಿಂತು ಹಾಡುವ ನನ್ನ ಮಕ್ಕಳಿಗೆ ಎರಡನೇ ಚರಣಕ್ಕೇ ತಣ್ಣೀರು. ಪಕ್ಕದ ಆರ್‌ವಿಯವರು ನೇವಿ ಶವರ್ ಎಂಬ ವಿದ್ಯೆ ಹೇಳಿಕೊಟ್ಟರು: ಮೈ ನೆನೆಸು, ನಲ್ಲಿ ನಿಲ್ಲಿಸು, ಸೋಪು ಹಚ್ಚು, ಮತ್ತೆ ತೆರೆ. ಅತ್ತೆಯವರು ಒಂದು ಬಕೆಟ್, ಒಂದು ಚೊಂಬು ತೆಗೆದುಕೊಂಡು ಒಳಗೆ ಹೋಗಿ, ತಲೆಗೂ ಎರೆದುಕೊಂಡು, ಬಕೆಟ್ಟಿನಲ್ಲಿ ನೀರು ಉಳಿಸಿ ಬಂದರು.

ಅಡುಗೆಯದು ಇನ್ನೊಂದು ಪುರಾಣ. ನಮ್ಮದು 30 ಆಂಪ್‌ನ ಗಾಡಿ. 120 ವೋಲ್ಟಿಗೆ ಲೆಕ್ಕ ಹಾಕಿದರೆ 3600 ವ್ಯಾಟ್. ಹೆಚ್ಚುಕಡಿಮೆ ಅರ್ಧವನ್ನು ಎಸಿಯೇ ನುಂಗುತ್ತದೆ, ಉಳಿದದ್ದರಲ್ಲಿ ಸಿಂಹಪಾಲು ಮೈಕ್ರೋವೇವಿಗೆ. ಆಗ ಮಿಕ್ಸಿಗೆ ಕಾಯಿ ಹಾಕಿದಿರೋ, ಬ್ರೇಕರ್ ಟ್ರಿಪ್. ಮೊಹಾವಿ ಮರುಭೂಮಿಯ ನಡುವೆ ಎಸಿಯೋ ಚಟ್ನಿಯೋ ಎಂದು ಮತಕ್ಕೆ ಹಾಕಿದಾಗ ಚಟ್ನಿ ಬಹುಮತದಿಂದ ಗೆದ್ದಿತು. ಫ್ರಿಜ್ಜಿನದು ಬೇರೆಯೇ ಮರ್ಜಿ. ಅದಕ್ಕೆ ಕಂಪ್ರೆಸರ್ ಇಲ್ಲ, ಗ್ಯಾಸಿನ ಉರಿಯಿಂದಲೇ ತಣ್ಣಗಾಗುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಹೂಡಿದ ಉಪಾಯ. ಒಂದೇ ಷರತ್ತು: ಗಾಡಿ ಮಟ್ಟಸವಾಗಿ ನಿಂತಿರಬೇಕು. ಇಳಿಜಾರಿನಲ್ಲಿ ನಿಲ್ಲಿಸಿದರೆ ಫ್ರಿಜ್ಜು ಕೆಲಸ ನಿಲ್ಲಿಸುತ್ತದೆ. ಒಳಗಿರುವ ದೋಸೆಹಿಟ್ಟು ಮುಂದುವರಿಸುತ್ತದೆ.

ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಹೊಗೆಯ ಅಲಾರಂ ಕೂಗಲೇಬೇಕು. ಹಾಗೆ ಕೂಗಿದಾಗ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬಂದವರು ಕ್ಯಾಂಪ್‌ಗ್ರೌಂಡಿನ ಎದುರು ಸಾಲಿನ ಅಜ್ಜ, ಓರೆಗಾನ್ ಕಡೆಯವರು. ಸಿಲಿಂಡರ್ ಕೆಳಗಿಟ್ಟು ಎರಡು ತಟ್ಟೆ ಚಿತ್ರಾನ್ನ ತಿಂದರು. ಸ್ವಂತ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಪಕ್ಕದವರ ಹೆಸರು ಗೊತ್ತಿಲ್ಲದ ನಮಗೆ ಈ ಅಜ್ಜನ ಮಂಡಿನೋವಿನ ಇತಿಹಾಸವೂ ಗೊತ್ತಾಯಿತು.

ಗಾಡಿಯನ್ನು ರಿವರ್ಸ್ ಹಾಕುವುದು ಕ್ಯಾಂಪ್‌ಗ್ರೌಂಡಿನ ಸಾರ್ವಜನಿಕ ಮನರಂಜನೆ. ಹೊಸಬರು ಬಂದರೆ ಹಳಬರು ಕುರ್ಚಿ ಇತ್ತ ತಿರುಗಿಸಿಕೊಳ್ಳುತ್ತಾರೆ. ಎಷ್ಟೋ ದಂಪತಿಗಳ ಮದುವೆ ಅಲ್ಲಿ ಪರೀಕ್ಷೆಗೆ ಬೀಳುತ್ತದೆ. ನನ್ನವಳು ಕೆಎಸ್ಆರ್‌ಟಿಸಿ ಕಂಡಕ್ಟರನ ಶೈಲಿಯಲ್ಲಿ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎನ್ನುತ್ತಾಳೆ. ಅದು ಎಷ್ಟು ಪರಿಣಾಮಕಾರಿ ಎಂದರೆ ಓರೆಗಾನಿನ ಅಜ್ಜ ಈಗ ಟೆಕ್ಸಸ್‌ನವರಿಗೂ "ಬರ್ಲಿ, ಬರ್ಲಿ" ಎಂದೇ ದಾರಿ ತೋರಿಸುತ್ತಾರೆ. ಇನ್ನು ಸೇತುವೆಗಳ ಭಯ. ನಾರ್ತ್ ಕರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಅಂಗುಲದ ರೈಲು ಸೇತುವೆಯೊಂದು ಎತ್ತರದ ವಾಹನಗಳ ತಲೆ ಕೆರೆದೇ ಖ್ಯಾತವಾಗಿತ್ತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರು. ಅದರ ವಿಡಿಯೋ ನೋಡಿದ ದಿನವೇ ನನ್ನವಳು ನಮ್ಮ ಗಾಡಿಯ ಎತ್ತರ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿದಳು, ಕೆಳಗೆ ಗಣಪತಿಯನ್ನೂ.

ಲೆಕ್ಕ ಕೇಳಬೇಡಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿಯ ಪೆಟ್ರೋಲು, ಸಾಲದ ಕಂತು, ವಿಮೆ, ಬೇಲಿಯೊಳಗಿನ ಬಾಡಿಗೆ ಎಲ್ಲ ಕೂಡಿದರೆ ಹೋಟೆಲಿನಲ್ಲಿ ಉಳಿಯುವುದೇ ಅಗ್ಗ. ಹೋಟೆಲಿನಲ್ಲಿ ಒಗ್ಗರಣೆ ಹಾಕಲು ಬಿಡುವುದಿಲ್ಲ ಎಂಬುದೊಂದೇ ನನ್ನ ವಾದ, ಮನೆಯಲ್ಲಿ ಅದು ಇನ್ನೂ ನಡೆಯುತ್ತಿದೆ. ನಿಮಗೂ ಆಸೆ ಹುಟ್ಟಿದ್ದರೆ ಮೊದಲು ಒಂದು ವಾರ ಬಾಡಿಗೆಗೆ ತೆಗೆದುಕೊಂಡು ನೋಡಿ. ಕೊಂಡೇ ತೀರುತ್ತೇನೆ ಎನ್ನುವವರು ಕುರ್ಚಿ, ಕೊಡೆ, ಒಲೆ ಎಲ್ಲದರಲ್ಲೂ ಜಿಪುಣತನ ಮಾಡಿ. ಡಂಪ್ ಪೈಪು ಮತ್ತು ಕೈಗವಸು ಮಾತ್ರ ಅಂಗಡಿಯಲ್ಲಿರುವುದರಲ್ಲೆಲ್ಲ ದುಬಾರಿಯದನ್ನೇ ತನ್ನಿ.