ಸನ್ಮಾನಮಣಿದರ್ಪಣ

ಭಾಷಾವಿಜ್ಞಾನ ವಿಭಾಗದವರಿಗೆ ಪ್ರಶಸ್ತಿ ಬಂದರೆ ಹುಟ್ಟೂರಿನವರು ಏನು ಮಾಡುತ್ತಾರೆ ಎಂಬುದನ್ನು ಕುರಿತು ಈವರೆಗೆ ಶಾಸ್ತ್ರ ಹುಟ್ಟಿಲ್ಲ. ಧ್ವನಿಮಾ, ಆಕೃತಿಮಾಗಳನ್ನು ಬಿಡಿಸಿಟ್ಟ ಪಂಡಿತರು ತಮ್ಮ ಹೆಗಲಿಗೇ ಬಿದ್ದ ಶಾಲನ್ನು ವಿಶ್ಲೇಷಿಸದೆ ಮಡಚಿಟ್ಟರು. ಆ ಕೊರತೆ ನೀಗಲೆಂದು ಈ ಪ್ರಬಂಧ. ಅಧ್ಯಯನ ಕ್ಷೇತ್ರ ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ.

ಮೊದಲು ಪೂರ್ವಸೂರಿಗಳು. ರೋಣದ ಸೀಮೆಯ ಸೂಡಿಯಲ್ಲಿದ್ದು ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯರ ಅಕ್ಕಾದೇವಿಗೆ ಶಾಸನಗಳು ‘ಗುಣದಬೆಡಂಗಿ’, ‘ಏಕವಾಕ್ಯೆ’ ಎಂದು ಬಿರುದು ಕೊಟ್ಟಿವೆ. ಅಂದರೆ 11ನೇ ಶತಮಾನದಲ್ಲೇ ಈ ಭಾಗದಲ್ಲಿ ಮಾನಪತ್ರವಿತ್ತು, ಅದೂ ಕಲ್ಲಿನದು. ಫ್ರೇಮು ಹಾಕಿಸುವ ಖರ್ಚಿಲ್ಲ. ಏಕವಾಕ್ಯೆಯ ನೆಲದಲ್ಲಿ ಇಂದಿನ ಪ್ರಾಸ್ತಾವಿಕ ಭಾಷಣವೂ ಒಂದೇ ವಾಕ್ಯದಲ್ಲಿ ಇರುತ್ತದೆ. ಅದು ಮುಕ್ಕಾಲು ತಾಸು ಮುಗಿಯುವುದಿಲ್ಲ, ಅಷ್ಟೆ. ವೈಯಾಕರಣರ ಮನೆಯ ಸ್ಥಿತಿಯೂ ಆಗಲೇ ಗೊತ್ತಾಗಿತ್ತು. ‘ಕವಿಚಕ್ರವರ್ತಿ’ ಬಿರುದು ಸೋದರಮಾವ ಜನ್ನನಿಗೆ ಹೋಯಿತು. ಅಳಿಯ ಕೇಶಿರಾಜನ ಪಾಲಿಗೆ ಬಂದದ್ದು ಏಳು ಶತಮಾನಗಳ ಪರೀಕ್ಷಾರ್ಥಿಗಳ ಶಾಪ.

ಇನ್ನು ರಚನೆ. ಸನ್ಮಾನದ ಅತಿ ಚಿಕ್ಕ ಸಾರ್ಥಕ ಘಟಕವನ್ನು ‘ಶಾಲಿಮಾ’ ಎಂದು ಕರೆಯೋಣ. ಹಾರ, ಫಲತಾಂಬೂಲ, ಸ್ಮರಣಿಕೆಗಳು ಇದಕ್ಕೆ ಹತ್ತುವ ಪ್ರತ್ಯಯಗಳು. ಇವುಗಳಲ್ಲಿ ಹಾರ ಅಸ್ಥಿರ. ಫೋಟೊ ತೆಗೆದೊಡನೆ ಅದಕ್ಕೆ ಲೋಪ. ಏಪ್ರಿಲ್ ತಿಂಗಳ ನರಗುಂದದಲ್ಲಿ ಶಾಲು ಮತ್ತು ಕರೆಂಟು ಪೂರಕ ಹಂಚಿಕೆಯಲ್ಲಿರುತ್ತವೆ, ಒಂದು ಬಂದಲ್ಲಿ ಇನ್ನೊಂದು ಬರಲಾರದು. ಆಮಂತ್ರಣ ಪತ್ರಿಕೆಯಲ್ಲಿ ಸಂಧಿಕಾರ್ಯ ಧಾರಾಳ: ದುಡಿದವನ ಹೆಸರಿಗೆ ಲೋಪ, ದೇಣಿಗೆ ಕೊಟ್ಟವನ ಹೆಸರಿಗೆ ಆಗಮ, ಕೊನೆಯ ಗಳಿಗೆಯಲ್ಲಿ ಕೈಕೊಟ್ಟ ಉದ್ಘಾಟಕರ ಜಾಗಕ್ಕೆ ಆದೇಶ.

ಪ್ರಮುಖ ನಿದರ್ಶನವೆಂದರೆ ರೋಣ ತಾಲೂಕಿನ ಕುರಡಗಿಯಲ್ಲಿ 1920ರಲ್ಲಿ ಹುಟ್ಟಿದ ಡಾ. ಆರ್.ಸಿ. ಹಿರೇಮಠರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು, 1990ರಲ್ಲಿ ಹುಬ್ಬಳ್ಳಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಊರಲ್ಲಿ ಯಾರನ್ನು ಕೇಳಿದರೂ ಈ ಎರಡು ಸಂಗತಿ ಬರುತ್ತವೆ. ಕನ್ನಡದ ರಚನೆಯನ್ನೇ ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ‘ದಿ ಸ್ಟ್ರಕ್ಚರ್ ಆಫ್ ಕನ್ನಡ’ ಎಂಬ ಪುಸ್ತಕವಿದೆ ಎಂದರೆ, “ಹೌದ್ರಿ? ಅದೂ ಇರಬೇಕು ಬಿಡ್ರಿ” ಎಂಬ ಉತ್ತರ. ಇದರಿಂದ ಪ್ರಥಮ ಸೂತ್ರ ಸಿದ್ಧಿಸುತ್ತದೆ: ಶಾಲು ಕುರ್ಚಿಗೆ ಹತ್ತುತ್ತದೆ, ಕ್ರಿಯಾಪದಕ್ಕೆ ಹತ್ತುವುದಿಲ್ಲ. ರೋಣ ಒಡೆದು ಗಜೇಂದ್ರಗಡ ಬೇರೆ ತಾಲೂಕಾದ ಮೇಲೆ ಹಳೆಯ ಮಹನೀಯರು ಯಾರ ಪಾಲು ಎಂಬ ವಿಭಕ್ತಿಯ ಪ್ರಶ್ನೆಯೂ ಎದ್ದಿದೆ. ಷಷ್ಠಿಯನ್ನು ಇಬ್ಬರೂ ಬಿಟ್ಟುಕೊಡುತ್ತಿಲ್ಲ.

ಸೂತ್ರಕ್ಕೆ ಅಪವಾದಗಳು ಉಂಟು, ಆದರೆ ಜಿಲ್ಲೆಯ ಹೊರಗೆ. 1894ರಲ್ಲಿ ನಿಘಂಟು ಮುಗಿಸಿದ ಕಿಟ್ಟೆಲ್ಲರಿಗೆ 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಶಾಲು ನಿಜಕ್ಕೂ ಬೇಕಾಗುವ ಚಳಿ ಇದ್ದದ್ದು ಅಲ್ಲಿ. ಪದ್ಧತಿ ಇರುವುದು ಇಲ್ಲಿ. ಜಿ. ವೆಂಕಟಸುಬ್ಬಯ್ಯನವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 103. ನಿಘಂಟುಕಾರರು ಪ್ರಶಸ್ತಿಗೆ ಹೆದರಬೇಕಿಲ್ಲ, ಆಯುಷ್ಯ ಗಟ್ಟಿಯಿದ್ದರಾಯಿತು. ಡಿ.ಎನ್. ಶಂಕರ ಭಟ್ಟರಿಗೆ ಪಂಪ ಪ್ರಶಸ್ತಿ ಬಂತು. ಕನ್ನಡಕ್ಕೆ ಮಹಾಪ್ರಾಣ ಬೇಡವೆಂದು ವಾದಿಸಿ ತಮ್ಮ ಹೆಸರನ್ನೇ ‘ಬಟ್’ ಎಂದು ಬರೆದವರು ಅವರು. ಇಂಥವರಿಗೆ ಮಾನಪತ್ರ ಬರೆಯುವವನ ಪಾಡು ಯಾರಿಗೂ ಬೇಡ: ‘ಭ’ ಬರೆದರೆ ಸಿದ್ಧಾಂತಕ್ಕೆ ಅವಮಾನ, ‘ಬ’ ಬರೆದರೆ ಪ್ರೂಫ್ ತಿದ್ದಿದವನಿಗೆ. ಕನ್ನಡದ ಎಂಟು ಜ್ಞಾನಪೀಠಗಳಲ್ಲಿ ಒಂದೂ ವ್ಯಾಕರಣಕ್ಕೆ ಬಂದದ್ದಲ್ಲವೆಂಬುದನ್ನು ಇಲ್ಲಿ ನಿಟ್ಟುಸಿರಿನೊಡನೆ ದಾಖಲಿಸಲಾಗಿದೆ.

ಕ್ಷೇತ್ರಕಾರ್ಯದಲ್ಲಿ ಸಿಕ್ಕ ದೊಡ್ಡ ಸತ್ಯ ಬೇರೆ. ನಮ್ಮ ಭಾಗದ ಆಡುಮಾತನ್ನು ಎತ್ತಿಹಿಡಿದವರೆಂದು ಒಬ್ಬರನ್ನು ಹೊಗಳುವ ಭಾಷಣ ಎಂದಿಗೂ ಆಡುಮಾತಿನಲ್ಲಿ ಇರುವುದಿಲ್ಲ. “ಸನ್ಮಾನ್ಯರು ನಾಡುನುಡಿಯ ಅನರ್ಘ್ಯ ರತ್ನವಾಗಿದ್ದಾರೆ” ಎಂದು ಮೈಕಿನಲ್ಲಿ ಗುಡುಗಿದವರು ಮೆಟ್ಟಿಲಿಳಿದು, “ಏ ತಮ್ಮಾ, ಚಾ ಎಲ್ಲಿಟ್ಟಾರೋ?” ಎನ್ನುತ್ತಾರೆ. ದಾಖಲಿಸಬೇಕಾದ ಕನ್ನಡ ಅಲ್ಲಿಂದ ಶುರು. ವಿಭಾಗದವರು ಆ ಹೊತ್ತಿಗೆ ರೆಕಾರ್ಡರ್ ಬಂದ್ ಮಾಡಿರುತ್ತಾರೆ.

ಆದ್ದರಿಂದ ಪ್ರಬಂಧಕಾರನ ಶಿಫಾರಸು: ಮಾತು ಕೊಟ್ಟವರಿಗೇ ಮೊದಲ ಸನ್ಮಾನವಾಗಲಿ. ಸಂಶೋಧಕನೆದುರು ಕಟ್ಟೆಯ ಮೇಲೆ ಕೂತು ಒಂದೇ ಕ್ರಿಯಾಪದವನ್ನು ಹತ್ತು ಬಗೆಯಲ್ಲಿ ಹೇಳಿತೋರಿಸಿದ ಅಜ್ಜಿಯ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ‘ಮಾಹಿತಿದಾರರು’ ಎಂಬ ಬಹುವಚನದಲ್ಲಿ ಅವಳು ಕರಗಿಹೋಗಿದ್ದಾಳೆ. ಈ ಲೆಕ್ಕದಲ್ಲಿ ಮೂರೂ ತಾಲೂಕಿನ ಪ್ರತಿಯೊಬ್ಬರಿಗೂ ಒಂದೊಂದು ಶಾಲು ಬೇಕು, ಗಜೇಂದ್ರಗಡದ ಮಗ್ಗಗಳು ಸೀರೆ ಬಿಟ್ಟು ಅದನ್ನೇ ನೇಯಬೇಕು. ನೇಕಾರರ ಆಕ್ಷೇಪಣೆಯನ್ನು ಊಹಿಸಬಹುದು: “ಸೀರಿ ಆದ್ರ ಉಟ್ಟು ಹರೀತಾರ, ಮತ್ತೊಂದು ತಗೋತಾರ. ಶಾಲು ಯಾರೂ ಹೊದಿಯಂಗಿಲ್ಲ. ಒಬ್ಬರಿಗೆ ಹಾಕಿದ್ದನ್ನ ಮುಂದಿನವರಿಗೆ ಹಾಕ್ತೀರಿ. ನಮಗ ಎರಡನೇ ಆರ್ಡರ್ ಯಾವಾಗ ಬರಬೇಕ್ರಿ?”