ಕಟ್ಟಪ್ಪನ ಕೇಸು

ಥಿಯೇಟರಿನಲ್ಲಿ ದೀಪ ಆರಿದ ಕೂಡಲೇ ನನಗೆ ನಿದ್ದೆ ಹತ್ತುತ್ತದೆ. ತಂಬಾಕಿನ ಎಚ್ಚರಿಕೆಯವರೆಗೆ ಹೇಗೋ ಕಣ್ಣು ಬಿಟ್ಟುಕೊಂಡಿರುತ್ತೇನೆ. ಸೆನ್ಸಾರ್ ಸರ್ಟಿಫಿಕೇಟ್ ಬರುವಷ್ಟರಲ್ಲಿ ಕತ್ತು ವಾಲಿರುತ್ತದೆ. ಆಮೇಲೆ ಹೆಂಡತಿ ಮೊಣಕೈಯಲ್ಲಿ ತಿವಿದು, "ಇಂಟರ್‌ವಲ್, ಪಾಪ್‌ಕಾರ್ನ್ ತನ್ನಿ" ಎಂದಾಗಲೇ ಎಚ್ಚರ. ಹೀಗಾಗಿ ಇಷ್ಟು ವರ್ಷ ಸಿನಿಮಾಗಳಿಂದ ನಾನು ಕಲಿತದ್ದು ತಂಬಾಕು ತಿನ್ನಬಾರದು ಎಂಬುದೊಂದೇ. ನಾನು ಮೊದಲೂ ತಿನ್ನುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಬದುಕಿಕೊಳ್ಳಬಹುದಿತ್ತು. ಏನೂ ಗೊತ್ತಿಲ್ಲದವನು ನಾಲ್ಕು ಜನರ ನಡುವೆ ಸುಮ್ಮನೆ ಕೂತು ಮರ್ಯಾದೆ ಉಳಿಸಿಕೊಳ್ಳುತ್ತಾನೆ. ನನ್ನ ಗ್ರಹಚಾರ ಬೇರೆ. ಜನ ಯಾವ ಹೆಸರು ಎತ್ತುತ್ತಾರೋ ಅದೇ ಹೆಸರಿನ ಇನ್ನೇನೋ ಒಂದು ನನಗೆ ಚೆನ್ನಾಗಿ ಗೊತ್ತಿರುತ್ತದೆ. ಚಿಕ್ಕಂದಿನಲ್ಲಿ ಊರಿನ ಲೈಬ್ರರಿಯಲ್ಲಿ ಯಾರೂ ಮುಟ್ಟದ ಗೆಜೆಟಿಯರು, 'ಪುರಾಣನಾಮ ಚೂಡಾಮಣಿ' ಇವನ್ನೇ ಓದಿದ್ದರ ಫಲ ಇದು.

2015ರ ಜುಲೈ. 'ಬಾಹುಬಲಿ' ಬಿಡುಗಡೆಯಾಗಿತ್ತು. ನಾನೂ ಹೋಗಿದ್ದೆನಂತೆ. ಟಿಕೆಟ್ಟಿಗೆ ದುಡ್ಡು ಕೊಟ್ಟ ನೆನಪಿದೆ. ಮಾರನೆಯ ವಾರ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಅಕೌಂಟ್ಸ್ ಹುಡುಗನೊಬ್ಬ, "ಕಟ್ಟಪ್ಪ ಬಾಹುಬಲಿನ ಯಾಕೆ ಕೊಂದ ಅಂತ ರಾತ್ರಿಯೆಲ್ಲಾ ನಿದ್ದೆ ಇಲ್ಲ ಸರ್" ಎಂದ. ಬೆಳಗಾವಿ ಕಡೆಯ ಜೈನರಲ್ಲಿ ಬಾಹುಬಲಿ ಎಂಬ ಹೆಸರು ಮಾಮೂಲು. ಹುಡುಗನೂ ಆ ಕಡೆಯವನೇ.

"ಜಮೀನು ವ್ಯಾಜ್ಯನೇನಪ್ಪಾ?" ಎಂದೆ.

"ಒಂಥರಾ ಆಸ್ತಿ ವಿಷಯಾನೇ ಸರ್."

"ಈ ಕಟ್ಟಪ್ಪ ದಾಯಾದಿಯಾ?"

"ಅಲ್ಲ ಸರ್, ಮನೆ ಆಳು. ಮಾಮಾ ಮಾಮಾ ಅಂತಿದ್ದ ಬಾಹುಬಲಿ."

ನನ್ನ ಹೊಟ್ಟೆ ಚುರ್ರೆಂದಿತು. "ಸಿಕ್ಕಿಬಿದ್ದನಾ?"

"ಕೊನೇಲಿ ಅವನೇ ಒಪ್ಕೊಂಡ. ಕಾರಣ ಮಾತ್ರ ಎರಡನೇ ಪಾರ್ಟಲ್ಲಿ."

ಚಾರ್ಜ್‌ಶೀಟನ್ನು ಕಂತಿನಲ್ಲಿ ಹಾಕುತ್ತಿದ್ದಾರೆ ಎಂದುಕೊಂಡೆ. ಸಂಜೆ ಮನೆಯಲ್ಲಿ, "ಮನೆ ಆಳನ್ನೂ ನಂಬೋ ಕಾಲ ಅಲ್ಲ ಕಣೇ" ಎಂದು ಶುರುಮಾಡಿ ಪೂರ್ತಿ ಹೇಳಿದೆ. ಹೆಂಡತಿ ಕೇಳಿಸಿಕೊಂಡು, "ಸಾರು ಹಾಕಲಾ?" ಎಂದಳು. ನನ್ನನ್ನು ತಿದ್ದುವ ಕೆಲಸವನ್ನು ನಮ್ಮ ಮನೆಯಲ್ಲಿ ಕೈಬಿಟ್ಟು ಬಹಳ ಕಾಲವಾಗಿದೆ.

ಆಮೇಲೆ ಸುಮಾರು ಎರಡು ವರ್ಷ ಇಡೀ ದೇಶ ಅದೇ ಪ್ರಶ್ನೆ ಕೇಳುತ್ತಾ ಕೂತಿತ್ತು. ಒಂದು ಕೊಲೆ ಕೇಸಿಗೆ ಇಷ್ಟು ಕಾಲ ಬೇಕೇ ಎಂದು ನಾನು ನಮ್ಮ ಕೋರ್ಟುಗಳ ಬಗ್ಗೆ ನಿಟ್ಟುಸಿರು ಬಿಡುತ್ತಿದ್ದೆ. 2017ರ ಏಪ್ರಿಲ್‌ನಲ್ಲಿ ಬಸ್ಸಿನಲ್ಲಿ ಮುಂದಿನ ಸೀಟಿನವರು, "ಅಂತೂ ಕಟ್ಟಪ್ಪ ಕ್ಷಮೆ ಕೇಳಿದ ನೋಡು" ಎಂದದ್ದು ಕಿವಿಗೆ ಬಿತ್ತು. ಆ ಪಾತ್ರ ಮಾಡಿದ ಸತ್ಯರಾಜ್ ಹಿಂದೊಮ್ಮೆ ಕಾವೇರಿ ಗಲಾಟೆಯಲ್ಲಿ ಆಡಿದ್ದ ಮಾತಿಗೆ ನಮ್ಮ ಸಂಘಟನೆಗಳು ಸಿಟ್ಟಾಗಿ, ಎರಡನೇ ಭಾಗ ಇಲ್ಲಿ ತೆರೆಕಾಣಲು ಬಿಡುವುದಿಲ್ಲ ಎಂದಿದ್ದವು. ಅವರು ವಿಷಾದ ವ್ಯಕ್ತಪಡಿಸಿದ ಮೇಲೆ 28ರಂದು ಚಿತ್ರ ಬಂತು. ಇದೆಲ್ಲ ಈಗ ಗೊತ್ತು. ಅವತ್ತು ನಾನು ಮುಂದಕ್ಕೆ ಬಾಗಿ, "ಪಾಪ, ಪಶ್ಚಾತ್ತಾಪ ಆಗಿರುತ್ತೆ ಬಿಡಿ, ಮನೆ ಅನ್ನ ತಿಂದೋನು" ಎಂದೆ.

"ಕಾವೇರಿ ವಿಷಯಕ್ಕೆ ಸಾರ್" ಎಂದರು ಅವರು.

ಕೊಲೆಯ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ ಎಂಬುದು ಅಲ್ಲಿಗೆ ನನಗೆ ಖಚಿತವಾಯಿತು.

ಮುಂದಿನ ತಿಂಗಳು ಆಫೀಸಿನ ವಾರ್ಷಿಕೋತ್ಸವ. ನಿರೂಪಣೆಯ ಹುಡುಗಿ ಮೈಕು ಹಿಡಿದು, "ಈಗ ಬಾಹುಬಲಿ ರೌಂಡ್! ಸೀನಿಯರ್‌ಗಳಲ್ಲಿ ಯಾರು ಬರ್ತೀರಾ?" ಎಂದಳು. ಕೊಲೆ ಕೇಸಿನ ಮೇಲೆ ಕ್ವಿಜ್ ಮಾಡುವಷ್ಟು ನಮ್ಮ ಆಫೀಸು ಕೆಟ್ಟಿರಲಾರದು. ಹಾಗಾದರೆ ಇದು ನಮ್ಮ ಶ್ರವಣಬೆಳಗೊಳದ ಬಾಹುಬಲಿಯೇ. ಮುಂದಿನ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ಬೇರೆ ಇದೆ, ಹುಡುಗರಿಗೂ ಸಂಸ್ಕಾರ ಉಂಟಲ್ಲ ಎಂದು ಖುಷಿಯಾಗಿ ಎದ್ದು ವೇದಿಕೆ ಹತ್ತಿದೆ.

"ಭಲ್ಲಾಳದೇವ ಯಾರು ಸರ್?"

"ಹೊಯ್ಸಳ ದೊರೆ. ಆ ಹೆಸರಿನವರು ಒಬ್ಬಿಬ್ಬರಲ್ಲ. ನಿಮಗೆ ಯಾವ ಬಲ್ಲಾಳ ಬೇಕು?"

ಸಭೆ ಘೊಳ್ಳೆಂದಿತು. ಆ ಹುಡುಗಿಯ ಉಚ್ಚಾರಣೆಗೆ ನಗುತ್ತಿದ್ದಾರೆ ಎಂದುಕೊಂಡೆ.

"ದೇವಸೇನ ಯಾರ ಹೆಂಡತಿ?"

"ಸುಬ್ರಹ್ಮಣ್ಯಸ್ವಾಮಿಯವರದು."

ಯಾರೋ ಸಿಳ್ಳೆ ಹಾಕಿದರು. ಆಫೀಸಿನಲ್ಲಿ ಷಣ್ಮುಖನ ಭಕ್ತರೂ ಇದ್ದಾರೆ.

"ಸರಿ ಸರ್, ಮಾಹಿಷ್ಮತಿ ಎಲ್ಲಿದೆ?"

ಪ್ರಶ್ನೆ ಬರಬರುತ್ತಾ ವಿಷಯ ಬಿಟ್ಟು ಹೋಗುತ್ತಿತ್ತು, ಆದರೂ ನಾನು ಬಿಡಲಿಲ್ಲ. "ನರ್ಮದಾ ತೀರ. ಕಾರ್ತವೀರ್ಯಾರ್ಜುನನ ರಾಜಧಾನಿ. ಸಾವಿರ ತೋಳಿದ್ದವು ಅವನಿಗೆ."

ಹುಡುಗಿ ಕಣ್ಣೊರೆಸಿಕೊಂಡು, "ಕೊನೇ ಪ್ರಶ್ನೆ. ಬಾಹುಬಲಿ ಸತ್ತಿದ್ದು ಹೇಗೆ?" ಎಂದಳು.

ನನಗೆ ತಡೆಯಲಾಗಲಿಲ್ಲ. ಮೈಕು ಕಿತ್ತುಕೊಂಡೆ. "ಸಾಯಿಸೋದೇನಮ್ಮಾ? ಅಣ್ಣ ಭರತನ ಜೊತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಗೆದ್ದ. ಭರತ ಚಕ್ರವನ್ನೇ ಬಿಟ್ಟ. ಅದು ಸುತ್ತು ಹಾಕಿ ಸುಮ್ಮನೆ ನಿಂತಿತು. ಗೆದ್ದವನು ರಾಜ್ಯ ಬೇಡ ಅಂತ ತಪಸ್ಸಿಗೆ ನಿಂತ. ಮೈಮೇಲೆ ಬಳ್ಳಿ ಹಬ್ಬಿತು. 941ರಲ್ಲೇ ಪಂಪ ಬರೆದಿದ್ದಾನೆ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿ ಇವತ್ತಿಗೂ ಅಲ್ಲೇ ನಿಂತಿದೆ. ಯಾವನು ಕೊಂದದ್ದು?"

ಹಿಂದಿನಿಂದ ಅಕೌಂಟ್ಸ್ ಹುಡುಗ ಕೂಗಿದ: "ಹಾಗಾದ್ರೆ ಕಟ್ಟಪ್ಪ ಸರ್?"

"ಆ ಕೇಸೇ ಬೇರೆ ಕಣಯ್ಯಾ. ಅದು ಕಾವೇರಿ ವಿಷಯ."

ಚಪ್ಪಾಳೆ ನಿಲ್ಲಲಿಲ್ಲ. ಬೆಸ್ಟ್ ಕಾಮಿಡಿ ಎಂದು ಒಂದು ಸ್ಟೀಲಿನ ಟಿಫಿನ್ ಕ್ಯಾರಿಯರ್ ಕೊಟ್ಟರು. ಬಹುಮಾನದ ಹೆಸರನ್ನು ಮಾತ್ರ ಯಾರೋ ತಪ್ಪಾಗಿ ಬರೆದಿದ್ದಾರೆ ಎಂದು ಮನೆಗೆ ತಂದೆ. ಹೆಂಡತಿ ವಿಡಿಯೊ ಆಗಲೇ ನೋಡಿಬಿಟ್ಟಿದ್ದಳು. ಅಂದು ರಾತ್ರಿ, ಮೊದಲ ಬಾರಿಗೆ, ಆಕೆಯೇ ಕೂತು ನನಗೆ ಇಡೀ ಕತೆ ಹೇಳಿದಳು. ನಿರ್ದೇಶಕ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ ಎಂದು ಸಮಾಧಾನ ಬೇರೆ ಮಾಡಿದಳು. ಅಲ್ಲೇ ಇದ್ದಿದ್ದರೆ ಒಳ್ಳೆಯದಿತ್ತು ಎನಿಸಿತು.

ಇನ್ನು ಬಾಯಿ ಬಿಡಬಾರದು ಎಂದುಕೊಂಡಿದ್ದೆ. ಆದರೆ 2018ರ ಡಿಸೆಂಬರಿನಲ್ಲಿ ಅದೇ ಹುಡುಗ, "ಕೆಜಿಎಫ್ ನೋಡಿದ್ರಾ ಸರ್?" ಎಂದ. ಕೋಲಾರದ ನೆಂಟರ ಮನೆಗೆ ಹೋದಾಗ ನೋಡಿದ್ದೇನಲ್ಲ! ಶಿವನಸಮುದ್ರದಿಂದ 1902ರಲ್ಲೇ ಅಲ್ಲಿಗೆ ಕರೆಂಟು ಬಂದದ್ದು, 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿದ್ದದ್ದು ಎಲ್ಲ ಹೇಳಿದೆ. "ಚಾಪ್ಟರ್ ಟೂ ಬರುತ್ತಂತೆ" ಎಂದ. "ಕಷ್ಟ ಕಣಪ್ಪಾ, ಚಿನ್ನ ತೆಗೆಯೋ ಖರ್ಚೇ ಗಿಟ್ಟಲ್ಲ" ಎಂದೆ. ಅವನು ಈ ಸಲ ನಗಲಿಲ್ಲ. ಫೋನು ತೆಗೆದು ರೆಕಾರ್ಡ್ ಮಾಡಿಕೊಂಡ.

ಕಳೆದದ್ದು ಸಾಕು ಎನ್ನುವಾಗ ಅಕ್ಕನ ಮಗನ ಮದುವೆ ಬಂತು. 'ಪುಷ್ಪ' ಬಂದುಹೋದ ಹೊಸತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೋಡುತ್ತೇನೆ, ಮದುಮಗನ ಸ್ನೇಹಿತರೆಲ್ಲ ಒಂದು ಭುಜ ಎತ್ತಿ, ಅಂಗೈಯ ಹಿಂಬದಿಯಿಂದ ಗಡ್ಡದ ಕೆಳಗೆ ಪರಪರ ಉಜ್ಜಿಕೊಳ್ಳುತ್ತಿದ್ದಾರೆ. ಒಬ್ಬನಿಗಾದರೆ ಬೇರೆ ಮಾತು, ಏಳೆಂಟು ಜನಕ್ಕೂ ಒಟ್ಟಿಗೆ! ಛತ್ರಕ್ಕೆ ಬಂದಿದ್ದ ಕ್ಷೌರದವನ ಬ್ಲೇಡಿನ ಕೆಲಸವೇ ಇದು ಎಂದು ಅಂಗಡಿಗೆ ಓಡಿ ಪಟಿಕದ ಗಡ್ಡೆ ತಂದು, ಒಬ್ಬೊಬ್ಬರ ಕೈಗೂ ಒಂದೊಂದು ಚೂರು ಇಟ್ಟೆ. "ಒದ್ದೆ ಮಾಡಿ ತಿಕ್ಕಿ, ಹತ್ತೇ ನಿಮಿಷ" ಎಂದೆ. ಹುಡುಗರು ಒಳ್ಳೆಯವರು, ಥ್ಯಾಂಕ್ಸ್ ಅಂಕಲ್ ಎಂದು ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ ಗ್ರೂಪ್ ಫೋಟೊ. ಸೋದರಮಾವ ಎಂದು ನನ್ನ ತಲೆಗೊಂದು ಬಾಡಿಗೆ ಪೇಟ ಇಟ್ಟಿದ್ದರು. ಅದರ ಜರಿಯ ದಾರವೊಂದು ಸಡಿಲಗೊಂಡು ಗದ್ದದ ಕೆಳಗೆ ಇಳಿಬಿದ್ದು ಒಂದೇ ಸಮನೆ ಚುಚ್ಚುತ್ತಿತ್ತು. ಒಂದು ಕೈಯಲ್ಲಿ ತಾಂಬೂಲದ ಚೀಲ. ಫೋಟೊಗ್ರಾಫರ್ "ರೆಡಿ" ಎನ್ನುವಾಗ ತಾಳಲಾರದೆ ಇನ್ನೊಂದು ಕೈಯ ಹಿಂಬದಿಯಿಂದಲೇ ಒಮ್ಮೆ ಜೋರಾಗಿ ಉಜ್ಜಿಕೊಂಡೆ. ಛತ್ರ ಹಾರಿಹೋಗುವಂತೆ ಕೇಕೆ ಎದ್ದಿತು. ಹುಡುಗರು ನನ್ನನ್ನು ಎತ್ತಿಕೊಂಡು ಒಂದು ಸುತ್ತು ಬಂದರು. ಫೋಟೊಗ್ರಾಫರ್ ಇನ್ನೊಮ್ಮೆ ಮಾಡಿ ಅಂಕಲ್, ಭುಜ ಇನ್ನೂ ಸ್ವಲ್ಪ ಮೇಲೆ ಎಂದು ಗೋಗರೆದ. ದಾರ ಇನ್ನೂ ಚುಚ್ಚುತ್ತಲೇ ಇತ್ತು, ಮಾಡಿದೆ. ಅವರೆಲ್ಲ ಸೇರಿ ಒಂದು ಪಟಿಕದ ಚೂರನ್ನು ನನ್ನ ಜೇಬಿಗೇ ವಾಪಸ್ ಹಾಕಿದರು.