ಸೈಕಲ್ಲಲ್ಲಿ ಸಮುದ್ರಕ್ಕೆ ಹೋಗಬೇಕಂತೆ

ಬೆಳಿಗ್ಗೆ ದಾಸವಾಳ ಬಿಡಿಸ್ತಾ ಇದ್ದೆ. ಕಾಂಪೌಂಡಿನ ಆ ಕಡೆಯಿಂದ ಮೇಷ್ಟ್ರ ದನಿ ಬಂತು.

"ರಾಯರೇ, ಒಂದು ನಿಮಿಷ. ನೀವು ಸೈಕಲ್ ತುಳಿದವರು. ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಇಲ್ಲಿಂದ ಮಂಗಳೂರಿಗೆ ಸೈಕಲ್ಲಲ್ಲಿ ಹೋಗ್ತಾಳಂತೆ. ಸಮುದ್ರ ನೋಡ್ಬೇಕಂತೆ. ಬಸ್ಸಿಲ್ವಾ, ರೈಲಿಲ್ವಾ?"

ಮೇಷ್ಟ್ರ ಮಗಳು ಗೇಟಿನ ಹತ್ತಿರ ಕೂತು ಹಳೇ ಬನಿಯನ್ ಬಟ್ಟೆಯಲ್ಲಿ ಚೈನು ಒರೆಸ್ತಾ ಇದ್ದಳು. ಎರಡು ವಾರದ ಹಿಂದೆ ಬಂದ ಗೇರ್ ಸೈಕಲ್ಲು. ಸಂಬಳದ ದುಡ್ಡಲ್ಲಿ ತಾನೇ ಕೊಂಡದ್ದು. ತಲೆ ಎತ್ತಿ ನನ್ನ ಕಡೆ ನೋಡಿದ ರೀತಿಯಲ್ಲೇ ಗೊತ್ತಾಯ್ತು, ಇವಳು ಹೋಗುವವಳೇ ಅಂತ.

ಅಶೋಕಪುರಂ ರೈಲ್ವೆ ವರ್ಕ್‌ಶಾಪಿಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸೈಕಲ್ಲಲ್ಲೇ ಹೋಗಿ ಬಂದವನು ನಾನು. ಪಾಳಿ ಬಿಟ್ಟಾಗ ಗೇಟಿನಿಂದ ಹೊರಗೆ ಬರ್ತಿದ್ದ ಸೈಕಲ್ಲುಗಳ ಸಾಲು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಭಾನುವಾರ ಅದೇ ಸೈಕಲ್ಲಲ್ಲಿ ಊರಾಚೆ ಹೋಗ್ತಿದ್ದೆ. ಹಾಗಾಗಿ ಮೇಷ್ಟ್ರಿಗೆ ಬೇಕಾಗಿದ್ದ ಬುದ್ಧಿ ನನ್ನ ಬಾಯಿಂದ ಬರಲಿಲ್ಲ.

"ಹೋಗ್ಲಿ ಬಿಡಿ ಮೇಷ್ಟ್ರೇ. ಆದ್ರೆ ಈಗಲೇ ಬೇಡ. ಸಮುದ್ರಕ್ಕೆ ಹೋಗೋಕೆ ಮುಂಚೆ ಮೈಸೂರಿನ ಸುತ್ತಲಿನ ರಸ್ತೆಗಳನ್ನ ಇವಳು ಮುಗಿಸಲಿ."

"ಸಮುದ್ರಕ್ಕೆ ಅಂದ್ರೆ ಇಳಿಯೋದು ತಾನೇ ಅಂಕಲ್? ಸುಲಭ ಅಲ್ವಾ?" ಅಂದಳು ಹುಡುಗಿ.

"ಅಲ್ಲಮ್ಮ. ಮೊದಲು ಹತ್ತಬೇಕು."

ಕಾರಿನಲ್ಲಿ ಹೋದವರಿಗೆ ಇದು ಹೊಳೆಯೋದೇ ಇಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಡಿಕೇರಿ 1,100 ಮೀಟರಿಗೂ ಮೇಲೆ. ಇಲ್ಲಿಂದ ಕಡಲಿಗೆ ಹೊರಟವರು ಸುಮಾರು 120 ಕಿಲೋಮೀಟರ್ ಏರುತ್ತ, ಇಳಿಯುತ್ತ, ಒಟ್ಟಿನಲ್ಲಿ ಏರುತ್ತಲೇ ಹೋಗಿ, ಆಮೇಲೆ ಒಂದೇ ಸಲಕ್ಕೆ ಘಟ್ಟ ಇಳಿಯಬೇಕು. ನೆಲ ಎಲ್ಲಿ ಎದ್ದಿದೆ, ಎಲ್ಲಿ ಬಾಗಿದೆ ಅನ್ನೋದು ತೊಡೆಗೆ ತಿಳಿದಷ್ಟು ಚೆನ್ನಾಗಿ ಕಣ್ಣಿಗೆ ತಿಳಿಯೋದಿಲ್ಲ.

ಮೊದಲ ಭಾನುವಾರಕ್ಕೆ ಶ್ರೀರಂಗಪಟ್ಟಣ ಹೇಳಿದೆ. ಹದಿನೈದು ಹದಿನಾರು ಕಿಲೋಮೀಟರ್, ಹೆಚ್ಚೂ ಕಡಿಮೆ ಸಮತಟ್ಟು. ಈಗ ಬೆಂಗಳೂರು ಹೆದ್ದಾರಿಯ ನಡುರಸ್ತೆಗೆ ಸೈಕಲ್ಲು ಬಿಡೋದಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೂ ಅಲ್ಲಿ ಜಾಗವಿಲ್ಲ. ಆ ವೇಗದ ನಡುವೆ ಸೈಕಲ್ಲು ಇರಬಾರದು, ನಿಯಮ ಸರಿ. ಆದರೆ ಪಕ್ಕದ ಸರ್ವಿಸ್ ರಸ್ತೆ ಒಂದೇ ಸಮನೆ ಸಾಗೋದಿಲ್ಲ, ನಡುನಡುವೆ ತುಂಡಾಗುತ್ತೆ. ಹಾಲು ಹಾಕೋನು, ಗದ್ದೆ ಕೆಲಸಕ್ಕೆ ಹೋಗೋನು, ಇವಳು, ಎಲ್ಲರೂ ತುಳಿಯೋದು ಅದನ್ನೇ. ಅದನ್ನ ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ಸರಿಯಾಗಿ ಜೋಡಿಸಿಕೊಟ್ಟರೆ ಈ ಸೀಮೆಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ ಅಂತ ನನಗನ್ನಿಸುತ್ತೆ.

ಪಟ್ಟಣಕ್ಕೆ ಹೋದ ಮೇಲೆ ವೆಲ್ಲೆಸ್ಲಿ ಸೇತುವೆ ಹತ್ತಿರ ಇಳಿದು ನಿಂತ್ಕೊ ಅಂದೆ. ದಿವಾನ್ ಪೂರ್ಣಯ್ಯನವರ ಕಾಲದ್ದು, 1804ರಲ್ಲಿ ಮುಗಿದದ್ದು. ಬರೀ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆ ಇಟ್ಟು ಕಟ್ಟಿದ್ದಾರೆ. ಕಾವೇರಿಯ ಎಷ್ಟೋ ಪ್ರವಾಹ ಅದರ ಮೇಲೆ ಹರಿದು ಹೋಗಿದೆ.

ವಾಪಸ್ಸು ಬಂದ ದಾರಿಯಲ್ಲೇ ಬರಬೇಡ ಅಂದೆ. ರಂಗನತಿಟ್ಟಿನ ಕಡೆ ತಿರುಗಿ, ಬೆಳಗೊಳ, ಬಲಮುರಿ ಅಂತ ಊರೂರು ದಾಟಿಕೊಂಡು ಕೆಆರ್‌ಎಸ್ ರಸ್ತೆಗೆ ಸೇರಬೇಕು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮ ಆಯ್ತು, ಸಲೀಂ ಅಲಿಯವರು ನೋಡಿ ಹೇಳಿದ ಮೇಲೆ. ಟಿಕೆಟ್ ತಗೊಂಡು ಒಳಗೆ ಹೋಗಲೇಬೇಕು ಅಂತಿಲ್ಲ. ಹೊರಗಿನ ಗದ್ದೆ ಬಯಲಲ್ಲೇ ಬೆಳ್ಳಕ್ಕಿ, ಕೊಕ್ಕರೆ ಇಳಿದಿರುತ್ತವೆ. ಬೈಕಿನ ಸದ್ದಿಗೆ ಹಾರಿಹೋಗುವ ಹಕ್ಕಿ ಸೈಕಲ್ಲಿಗೆ ಒಂದು ಕ್ಷಣ ಕತ್ತು ಎತ್ತಿ ನೋಡಿ ಮತ್ತೆ ಮೇಯುತ್ತೆ.

ಆ ಬಯಲಿನ ನಿಜವಾದ ದಾರಿ ಅಂದ್ರೆ ನಾಲೆ ಏರಿ. ಇದನ್ನ ಹೇಳುವಾಗ ಮೇಷ್ಟ್ರೂ ಕಾಂಪೌಂಡಿಗೆ ಒರಗಿ ನಿಂತರು, ಅವರು ಮಂಡ್ಯ ಕಡೆಯವರು. ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ಇವೆಲ್ಲ ಕನ್ನಂಬಾಡಿ ಕಟ್ಟೆಗಿಂತ, ಅಂದ್ರೆ ಕೆಆರ್‌ಎಸ್‌ಗಿಂತ, ಹಳೆಯವು. ಆಮೇಲೆ ಬಂದದ್ದು ವಿಶ್ವೇಶ್ವರಯ್ಯ ನಾಲೆ, ಅದಕ್ಕಿಂತ ಈಚಿನದು ವರುಣಾ ನಾಲೆ. ನೀರು ತಾನಾಗೇ ಹರಿಯೋ ಹಾಗೆ ತೋಡಿದ್ದರಿಂದ ನಾಲೆ ಗುಡ್ಡ ಹತ್ತೋದಿಲ್ಲ, ಗುಡ್ಡವನ್ನ ಬಳಸಿಕೊಂಡು ಹೋಗುತ್ತೆ. ಅದರ ಏರಿ ಹಿಡಿದು ಹೋದರೆ ಸೈಕಲ್ಲಿಗೂ ಏರು ಅನ್ನೋದೇ ಇರೋದಿಲ್ಲ. ನೀರು ಬಿಟ್ಟಿರುವ ತಿಂಗಳಲ್ಲಿ ಒಂದು ಪಕ್ಕ ತುಂಬಿದ ನಾಲೆ, ಇನ್ನೊಂದು ಪಕ್ಕ ಕೆಳಗೆ ನಾಟಿ ಗದ್ದೆ, ಅದರಾಚೆ ಕಬ್ಬು, ತೆಂಗು. ತೂಬಿನ ಹತ್ತಿರ ಯಾರೋ ಎಮ್ಮೆ ಮೈ ತೊಳೀತಿರ್ತಾರೆ. ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ, ನೀರಿನ ಸೆಳೆತ ಮೇಲಿಂದ ನೋಡಿದರೆ ಗೊತ್ತಾಗೋದಿಲ್ಲ. ಕತ್ತಲಲ್ಲಿ ಏರಿ ಮೇಲೆ ಹೋಗಕೂಡದು. ಇದೊಂದನ್ನ ಮೇಷ್ಟ್ರು ನನಗಿಂತ ಜೋರಾಗಿ ಎರಡು ಸಲ ಹೇಳಿದರು.

"ಎರಡನೇ ವಾರ?" ಅಂದಳು.

ಬನ್ನೂರು ರಸ್ತೆಯಲ್ಲಿ ಸೋಮನಾಥಪುರ. ಹೋಗಿ ಬರೋದಕ್ಕೆ ಎಪ್ಪತ್ತು ಕಿಲೋಮೀಟರಿನ ಹತ್ತಿರ. ಹದಿಮೂರನೇ ಶತಮಾನದ ಹೊಯ್ಸಳ ದೇವಸ್ಥಾನ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ನಾನು ಆ ರಸ್ತೆಯನ್ನ ನೆನೆಸಿಕೊಳ್ಳೋದು ಗುಡಿಗಾಗಿ ಅಲ್ಲ, ಹುರುಳಿಗಾಗಿ.

ಸುಗ್ಗಿ ಕಾಲದಲ್ಲಿ, ಡಿಸೆಂಬರ್ ಜನವರಿಯಲ್ಲಿ, ನಮ್ಮ ಕಡೆ ರೈತರು ರಾಗಿ, ಹುರುಳಿ ತಂದು ರಸ್ತೆ ಮೇಲೇ ಹರಡ್ತಾರೆ. ಬಸ್ಸು, ಲಾರಿ ಓಡಾಡಿ ಕಾಳು ಬಿಡುತ್ತೆ, ಒಕ್ಕಣೆ ಆಗುತ್ತೆ. ಕಣ ಮಾಡೋಕೆ ಜಾಗ, ಆಳು, ದನ ಯಾವುದೂ ಇಲ್ಲದವರಿಗೆ ಟಾರು ರಸ್ತೆಯೇ ಕಣ. ರಾಗಿ ಹುಲ್ಲಿನ ಮೇಲೆ ನಿಧಾನವಾಗಿ ದಾಟಬಹುದು. ಹುರುಳಿ ಬಳ್ಳಿ ಹಾಗಲ್ಲ, ಅದು ನಾರು. ಒಂದು ಎಳೆ ಹಿಂದಿನ ಚಕ್ರಕ್ಕೆ ಸಿಕ್ಕರೆ ಸಾಕು, ಸುತ್ತಿಕೊಂಡು ಸುತ್ತಿಕೊಂಡು ಚೈನು, ಹಲ್ಲು, ಕಡ್ಡಿ ಎಲ್ಲವನ್ನೂ ಕಟ್ಟಿಹಾಕುತ್ತೆ. ಒಂದು ಸಲ ಬನ್ನೂರು ಇನ್ನೂ ನಾಲ್ಕೈದು ಕಿಲೋಮೀಟರ್ ಇರೋವಾಗ ನನ್ನ ಚಕ್ರ ನಿಂತೇ ಹೋಯ್ತು, ಮೊಣಕೈ ತರಚಿ ಬಿದ್ದೆ. ಹುರುಳಿ ತಿರುವಿ ಹಾಕ್ತಿದ್ದ ಹೆಂಗಸು ಓಡಿ ಬಂದಳು. "ಅಯ್ಯೋ ಅಪ್ಪೋ, ಇಳ್ದು ತಳ್ಕಂಡು ಹೋಗ್ಬಾರ್ದಾ" ಅಂತ ಬೈದು, ಕುಡುಗೋಲಿನ ಮೊನೆಯಿಂದ ಒಂದೊಂದೇ ನಾರು ಕುಯ್ದು ತೆಗೆದಳು. ಅರ್ಧ ಗಂಟೆ ಹಿಡೀತು. ಅಷ್ಟರಲ್ಲಿ ಅವಳ ಗಂಡ ಒಂದು ಚೊಂಬು ಮಜ್ಜಿಗೆ ತಂದ. ರಸ್ತೆ ಬದಿಯ ಹುಣಸೆ ಮರದಡಿ ಅವರ ಕುರಿಗಳು ನಿಂತಿದ್ದವು. ಬನ್ನೂರು ಕುರಿ ಅಂದ್ರೆ ನೋಡಿದ ಕೂಡಲೇ ಗೊತ್ತಾಗುತ್ತೆ, ಗಿಡ್ಡ ಕಾಲು, ಗುಂಡು ಮೈ. ಆ ದಿನ ಸೋಮನಾಥಪುರಕ್ಕೆ ಹೋಗಲೇ ಇಲ್ಲ. ಅವರ ಹತ್ತಿರ ಮಾತಾಡಿಕೊಂಡು ಕೂತಿದ್ದು ಮಧ್ಯಾಹ್ನಕ್ಕೆ ವಾಪಸ್ಸು ಬಂದೆ.

"ಅದಕ್ಕೇ ಹೇಳೋದಮ್ಮ, ಹುರುಳಿ ಕಂಡರೆ ಇಳಿದು ಸೈಕಲ್ಲು ಎತ್ತಿಕೊಂಡು ದಾಟು. ರಸ್ತೆ ಅಡ್ಡ ಹಾಕಿದ್ದಾರೆ ಅಂತ ರೇಗಬೇಡ. ಅವರ ವರ್ಷದ ದುಡಿಮೆ ಅಲ್ಲಿ ಬಿದ್ದಿರುತ್ತೆ."

ಮೇಷ್ಟ್ರು ಸುಮ್ಮನೆ ತಲೆಯಾಡಿಸಿದರು. ಅವರ ಮನೆಯಲ್ಲೂ ಹುರುಳಿ ಬೆಳೀತಿದ್ದರಂತೆ.

ಮೂರನೆಯದಕ್ಕೆ ಊರು ಬಿಟ್ಟು ಹೋಗೋದೇ ಬೇಡ. ಚಾಮುಂಡಿ ಬೆಟ್ಟ ಇದೆಯಲ್ಲ. ತುದಿ ಸುಮಾರು 1,060 ಮೀಟರ್, ಅಂದರೆ ಊರಿನಿಂದ ಮುನ್ನೂರು ಮೀಟರಿನಷ್ಟು ಮೇಲೆ. ಬೆಳಿಗ್ಗೆ ಐದೂವರೆಗೆ ಬುಡದಲ್ಲಿ ನಿಂತರೆ ಹತ್ತುವ ಹುಡುಗರು ಹುಡುಗಿಯರು ಎಷ್ಟೋ ಜನ ಸಿಗ್ತಾರೆ. ಒಂದೇ ಬೆಳಿಗ್ಗೆ ಮೂರು ಸಲ ಹತ್ತಿ ಇಳಿಯೋರಿದ್ದಾರೆ. ಗೇರು ಮೊದಲೇ ಇಳಿಸಿಕೊಬೇಕು, ಏರು ಬಿಗಿಯಾದ ಮೇಲೆ ಇಳಿಸೋಕೆ ಹೋದರೆ ಚೈನು ಕಳಚುತ್ತೆ. ಉಸಿರಿನ ಲೆಕ್ಕಕ್ಕೆ ಕಾಲು ತುಳೀಬೇಕು. ಪಕ್ಕದವರು ಮುಂದೆ ಹೋದರೆ ಹೋಗಲಿ. ವ್ಯೂ ಪಾಯಿಂಟಿಗೆ ಬರುವ ಹೊತ್ತಿಗೆ ಸೂರ್ಯ ಹುಟ್ಟಿರ್ತಾನೆ, ಲಲಿತಮಹಲ್ಲು, ಕಾರಂಜಿ ಕೆರೆ, ಅರಮನೆ ಒಂದೊಂದೇ ಮಂಜಿನಿಂದ ಏಳ್ತವೆ. ಆಷಾಢ ಶುಕ್ರವಾರ ಮಾತ್ರ ಬೇಡ, ಅವತ್ತು ಬೆಟ್ಟ ಭಕ್ತರದ್ದು. ಮಳೆಗಾಲದಲ್ಲಿ ಜಾಗ್ರತೆ ಅಂತಲೂ ಹೇಳಿದೆ. 2021ರ ಮಳೆಗೆ ನಂದಿ ಕಡೆಗೆ ಹೋಗುವ ರಸ್ತೆ ಕುಸಿದಿದ್ದನ್ನ ಮೇಷ್ಟ್ರೂ ನಾನೂ ಹೋಗಿ ನೋಡಿದ್ದೆವು.

ಬೆಟ್ಟ ಅಭ್ಯಾಸ ಆದಮೇಲೆ ಮೇಲುಕೋಟೆ. ಪಾಂಡವಪುರ, ತೊಣ್ಣೂರು ಕೆರೆ, ಜಕ್ಕನಹಳ್ಳಿ, ಕೊನೆಯಲ್ಲಿ ಏರು. ಮೇಲೆ ಹೋದವರಿಗೆ ಪುಳಿಯೋಗರೆ ಇದೆ.

"ಊಟಿಗೆ ಹೋಗ್ತಾರಲ್ಲ ಅಂಕಲ್, ಬಂಡೀಪುರದ ಮೇಲೆ?"

ಹೋಗ್ತಾರೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಸವಾರಿ ಮೈಸೂರನ್ನ ಮುಟ್ಟಿಕೊಂಡು ಹೋಗಿದೆ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿ, 36 ತಿರುವು, ಭಾರಿ ಏರು. ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಮಳೆ ಶುರುವಾದ ಮೇಲೆ ಹೋದರೆ ಸೂರ್ಯಕಾಂತಿ, ಚೆಂಡು ಹೂವಿನ ಹೊಲ ಕಣ್ಣು ತುಂಬುತ್ತೆ. ಗುಂಡ್ಲುಪೇಟೆವರೆಗೆ ಧಾರಾಳವಾಗಿ ಹೋಗು ಅಂದೆ. ಅದರಾಚೆ ಕಾಡು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ಗಾಡಿ ಓಡಿಸಬಾರದು ಅಂತ 2009ರಿಂದ ಇರೋದು ಪ್ರಾಣಿಗಳಿಗಾಗಿ. ಹಗಲಲ್ಲೂ ಆನೆ ಎದುರಾದರೆ ಬಸ್ಸಿನವನಿಗೆ ತಗಡಿನ ಮರೆಯಾದರೂ ಇದೆ, ಸೈಕಲ್ಲಿನವರಿಗೆ ಅದೂ ಇಲ್ಲ. ಅರಣ್ಯ ಇಲಾಖೆಯವರನ್ನ ಕೇಳದೆ, ಗುಂಪಿಲ್ಲದೆ, ಆ ರಸ್ತೆಗೆ ಇಳಿಯೋದು ನನಗೆ ಒಪ್ಪಿಗೆ ಇಲ್ಲ.

ಅವಳು ಚೈನು ಒರೆಸೋದು ಬಿಟ್ಟು ಕಾಂಪೌಂಡಿನ ಹತ್ತಿರ ಬಂದಳು. "ಹಾಗಾದ್ರೆ ಸಮುದ್ರ?"

ಪಶ್ಚಿಮದ ರಸ್ತೆ. ಇಲವಾಲ, ಬಿಳಿಕೆರೆ, ಹುಣಸೂರು. ಆಷಾಢದಲ್ಲಿ ಹೊರಟರೆ ಗಾಳಿ ಎದೆಗೇ ಬಡಿಯುತ್ತೆ, ಇಳಿಜಾರಿನಲ್ಲೂ ತುಳಿಯಬೇಕಾಗುತ್ತೆ. ಘಟ್ಟದ ಮಳೆಯೂ ಅದೇ ಹೊತ್ತಿಗೆ. ಮಳೆ ನಿಂತು, ನವೆಂಬರ್ ಬಂದಮೇಲೆ ಹೊರಡೋದು ಒಳ್ಳೇದು. ಅದಕ್ಕೆ ಸ್ವಲ್ಪ ಮುಂಚೆ ಹೋದರೆ ಹುಣಸೂರು, ಪಿರಿಯಾಪಟ್ಟಣದ ಉದ್ದಕ್ಕೂ ತಂಬಾಕು ಬ್ಯಾರನ್ನುಗಳಿಂದ ಹೊಗೆ ಏಳ್ತಿರುತ್ತೆ. ಸೊಪ್ಪು ಬೇಯುವ ಆ ವಾಸನೆ ಕಾರಿನ ಗಾಜು ಏರಿಸಿದವರಿಗೆ ತಿಳಿಯೋದಿಲ್ಲ. ಬೈಲಕುಪ್ಪೆ ದಾಟಿ ಕುಶಾಲನಗರದಲ್ಲಿ ಕಾವೇರಿ ಮತ್ತೆ ಸಿಗುತ್ತೆ, ಶ್ರೀರಂಗಪಟ್ಟಣದಲ್ಲಿ ನೋಡಿದ ಅದೇ ಹೊಳೆ, ಇಲ್ಲಿ ಇನ್ನೂ ಕಿರಿದು. ಸುಂಟಿಕೊಪ್ಪದಿಂದ ಕಾಫಿ ತೋಟದ ನೆರಳು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಕಳೆದು ಹೋದವರ ಅದೃಷ್ಟ ಬೇರೆ. ಗಿಡಗಳೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಏರಿನಲ್ಲಿ ಹೇಗೂ ನಿಧಾನ, ಆ ಪರಿಮಳವನ್ನ ಉಸಿರು ತುಂಬ ಎಳೆದುಕೊಳ್ಳಬಹುದು.

ಅವಳ ಗೆಳೆಯರು 200 ಕಿಲೋಮೀಟರನ್ನ ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆ ಸವಾರಿ ಮಾಡಿದ್ದಾರಂತೆ, ಒಂದೇ ದಿನದಲ್ಲಿ ಹೋಗೋಣ ಅಂತಾರಂತೆ. ಅದು ಸಾಹಸವೇ, ನಾನು ಬೇಡ ಅನ್ನಲ್ಲ. ಆದರೆ ಮೊದಲ ಸಲ ಮಡಿಕೇರಿಯಲ್ಲಿ ಮಲಗು ಅಂದೆ. ಘಟ್ಟವನ್ನ ದಣಿದ ಕೈಯಲ್ಲಿ ಇಳಿಯಬಾರದು.

ಮಡಿಕೇರಿಯಿಂದ ಸಂಪಾಜೆಗೆ ಮೂವತ್ತು ಕಿಲೋಮೀಟರಿನ ಹತ್ತಿರ ಇಳಿಜಾರು. ಬ್ರೇಕು ಒಂದೇ ಸಮ ಹಿಡಿದುಕೊಂಡೇ ಇದ್ದರೆ ಕಾಯುತ್ತೆ, ಕೈಯೂ ಮರಗಟ್ಟುತ್ತೆ. ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಡಬೇಕು. ಹಿಂದಿನದೂ ಮುಂದಿನದೂ ಎರಡನ್ನೂ. ಬಸ್ಸಿನವರಿಗೆ ದಾರಿ ಕೊಟ್ಟು ನಿಲ್ಲಬೇಕು. ಜೋಡುಪಾಲದ ಹತ್ತಿರ 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ, ತೋಟ, ಜನ ಹೋದರು, ರಸ್ತೆಯೇ ಮುಚ್ಚಿಹೋಗಿತ್ತು. ಅಲ್ಲಿ ಒಂದು ಗಳಿಗೆ ಇಳಿದು ನಿಂತು ಹೋಗು ಅಂದೆ. ಮೇಷ್ಟ್ರು ಏನೂ ಮಾತಾಡಲಿಲ್ಲ.

ಇಳೀತಾ ಇಳೀತಾ ಕಿವಿ ಗುಯ್ ಅನ್ನುತ್ತೆ. ಗಾಳಿ ಬೆಚ್ಚಗಾಗುತ್ತೆ. ಕಾಫಿ ಹೋಗಿ ಅಡಿಕೆ, ರಬ್ಬರು ಬರುತ್ತೆ, ಮಣ್ಣು ಕೆಂಪು ಮುರಕಲ್ಲಾಗುತ್ತೆ, ಸುಳ್ಯ ಬರೋ ಹೊತ್ತಿಗೆ ಅಂಗಡಿಯಲ್ಲಿ ತುಳು ಕೇಳಿಸುತ್ತೆ. ಪುತ್ತೂರಿನ ಸುತ್ತ ಸಣ್ಣ ಸಣ್ಣ ಏರುಗಳು, ಇಳಿದೇಬಿಟ್ಟೆ ಅಂದುಕೊಂಡವರಿಗೆ ಅವೇ ಭಾರಿ. ಸೆಕೆಗೆ ಮೈಸೂರಿನವರ ಮೈಯಿಂದ ಉಪ್ಪು ಸುರಿದುಹೋಗುತ್ತೆ. ಬರೀ ನೀರು ಸಾಲದು, ನಿಂಬೆಹಣ್ಣು, ಉಪ್ಪು, ಸಕ್ಕರೆ ಜೊತೇಲಿರಲಿ. ರಜ ಇನ್ನೊಂದೆರಡು ದಿನ ಇದ್ದರೆ ಮಂಗಳೂರಿನಿಂದ ಉತ್ತರಕ್ಕೆ, ಕುಂದಾಪುರ ದಾಟಿ ಮರವಂತೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಹೆದ್ದಾರಿ ಅಲ್ಲಿ ಅಗಲವಾಗಿದೆ, ಲಾರಿ ಜಾಸ್ತಿ, ಅಂಚು ಬಿಡದೆ ಹೋಗಬೇಕು.

"ವಾಪಸ್ಸು?" ಈ ಸಲ ಕೇಳಿದ್ದು ಮೇಷ್ಟ್ರು. "ಆ ಘಟ್ಟಾನ ಮತ್ತೆ ಹತ್ತಬೇಕಾ?"

"ಬೇಡ. ಮಂಗಳೂರಲ್ಲಿ ಪಾರ್ಸೆಲ್ ಆಫೀಸಿಗೆ ಹೋಗಿ ಸೈಕಲ್ಲನ್ನ ಲಗೇಜಿಗೆ ಬುಕ್ ಮಾಡಿ, ಬ್ರೇಕ್‌ವ್ಯಾನಿಗೆ ಹಾಕಿಸಲಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೋಣಿ ಸುತ್ತಬೇಕು. ಹೆಸರು, ಊರು ಬರೆದ ಚೀಟಿ ಎರಡು ಕಡೆ ಕಟ್ಟಬೇಕು. ಹಗಲು ರೈಲಾದರೆ ಕಿಟಕಿ ಪಕ್ಕ ಕೂತ್ಕೊಳ್ಳಲಿ. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗೆ 57 ಸುರಂಗ ಎಣಿಸಬಹುದು."

"ರೈಲಿನ ವಿಷಯ ಬಂದ್ರೆ ರಾಯರ ಮುಖಾನೇ ಬೇರೆ" ಅಂದರು ಮೇಷ್ಟ್ರು.

ಹೂವಿನ ಬುಟ್ಟಿ ಅಲ್ಲೇ ಕಟ್ಟೆ ಮೇಲಿಟ್ಟು ಒಳಗೆ ಹೋದೆ. ಪಂಕ್ಚರಿನ ಡಬ್ಬಿ, ಎರಡು ಟೈರು ಲಿವರು, ಕೈ ಪಂಪು ತಂದು ಕಾಂಪೌಂಡಿನ ಮೇಲೆ ಇಟ್ಟೆ. ಹಿಂದಿನ ಚಕ್ರದ ಗಾಳಿ ಪೂರ್ತಿ ಬಿಡು ಅಂದೆ. ಅವಳು ತಂದೆಯ ಮುಖ ನೋಡಿದಳು. ಮೇಷ್ಟ್ರು ಕಾಫಿ ಲೋಟ ಪಕ್ಕಕ್ಕಿಟ್ಟು, ಪಂಚೆ ಮೇಲೆ ಕಟ್ಟಿ, ಸೈಕಲ್ಲು ಮಗುಚೋಕೆ ಒಂದು ಕಡೆ ಕೈ ಹಾಕಿದರು.